ದುಭಾಷಿಯ ಮುಂದೆ ಹೇಳಲಾಗದ ಮಾತು
(ಘಾಜಿಯಾಬಾದ್‌ನ ಕನ್ನಡ ಮಹಿಳೆಯರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ಇಂದಿನ ವಿಷಯವನ್ನು ‘ಮಹಿಳೆಯರ ಆರೋಗ್ಯ’ ಎಂದಷ್ಟೇ ಮುದ್ರಿಸಲಾಗಿದೆ. ಬಿಳಿ ಸೆರಗು, ತುರಿಕೆ, ಅಕಾಲದ ರಕ್ತಸ್ರಾವ ಎಂದು ಅಚ್ಚು ಹಾಕಿಸಲು ನಮಗೂ ಧೈರ್ಯ ಸಾಲಲಿಲ್ಲ. ಆ ಅಂಜಿಕೆಯೇ ನನ್ನ ವಿಷಯವೆಂದರೂ ಸರಿಯೇ.

ಹೊರನಾಡ ಕನ್ನಡತಿಗೆ ಈ ಸಂಕೋಚ ಇಮ್ಮಡಿ. ಕೆಲವು ವರ್ಷಗಳ ಹಿಂದೆ ಮಗನೊಡನೆ ಇರಲು ಊರಿನಿಂದ ನಮ್ಮ ನೆರೆಮನೆಗೆ ಬಂದ ಹಿರಿಯರೊಬ್ಬರಿಗೆ, ಮುಟ್ಟು ನಿಂತು ಆರು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಅವರಿಗೆ ಹಿಂದಿ ಬಾರದು. ವೈದ್ಯರ ಮುಂದೆ ಮಗನೇ ದುಭಾಷಿ. ತಾಯಿ ಮಗನಿಗೆ ಹೇಳಿದ್ದು ‘ಹೊಟ್ಟೆನೋವು, ಸುಸ್ತು’. ಮಗ ವೈದ್ಯರಿಗೆ ಹೇಳಿದ್ದೂ ಅಷ್ಟೇ. ಟಾನಿಕ್ಕು ಬಂತು. ಎಂಟು ತಿಂಗಳ ಬಳಿಕ ಅವರು ನನ್ನೊಡನೆ ಬಾಯಿಬಿಟ್ಟರು. ಗರ್ಭಕೋಶದ ಒಳಪದರದ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಆಗಿ ಬದುಕಿಕೊಂಡರು. ವೈದ್ಯರನ್ನು ದೂರುವಂತಿಲ್ಲ, ಕಿವಿಗೆ ಬೀಳದ ಕಾಯಿಲೆಗೆ ಅವರು ಯಾವ ಮದ್ದು ಕೊಟ್ಟಾರು?

ಆದುದರಿಂದ ಮೊದಲು ಮೂರು ಹಿಂದಿ ಪದಗಳನ್ನು ಕಲಿಯೋಣ. ಮುಟ್ಟಿಗೆ ‘ಮಾಹವಾರಿ’, ಬಿಳಿ ಸೆರಗಿಗೆ ‘ಸಫೇದ್ ಪಾನಿ’, ಗರ್ಭಕೋಶಕ್ಕೆ ‘ಬಚ್ಚೇದಾನಿ’. ಇಲ್ಲಿನ ಜಿಲ್ಲಾ ಮಹಿಳಾ ಆಸ್ಪತ್ರೆಗೆ ಬರುವ ಹಳ್ಳಿಯ ಹೆಂಗಸರು ಆಡುವುದೂ ಇವೇ ಮಾತುಗಳನ್ನು. ಮಗನನ್ನು ಹೊರಗೆ ಕೂರಿಸಿ, ಇಷ್ಟರಲ್ಲೇ ಕೆಲಸ ಸಾಗಿಸಬಹುದು.

ತಿಂಗಳ ನಡುವೆ ವಾಸನೆಯಿಲ್ಲದ ಬಿಳುಪು ಹೋಗುವುದು ಸಹಜ. ದುರ್ವಾಸನೆ ಇದ್ದರೆ, ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ, ಕೆಳಹೊಟ್ಟೆ ನೋಯುತ್ತಿದ್ದರೆ ತೋರಿಸಬೇಕು. ಮೊಸರಿನ ಗಡ್ಡೆಯಂತೆ ಹೋಗಿ ತುರಿಸುವುದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಅದು ಪದೇಪದೇ ಮರುಕಳಿಸಿದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಕೆಮ್ಮಿದಾಗ ಮೂತ್ರ ಸೋರುವುದನ್ನು ವಯಸ್ಸಿನ ಹಣೆಬರಹವೆಂದು ಸಹಿಸಬೇಕಿಲ್ಲ. ವ್ಯಾಯಾಮದಿಂದಲೇ ಅನೇಕರಿಗೆ ಗುಣ ಕಂಡಿದೆ. ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ, ದಾಂಪತ್ಯ ಸಂಬಂಧದ ನಂತರ ರಕ್ತ ಕಂಡರೂ, ಮುಂದಿನ ತಿಂಗಳು ನೋಡೋಣ ಎನ್ನಬಾರದು. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಅಲ್ಲ. ಅಲ್ಲವೆಂಬುದು ತಿಳಿಯುವುದು ಪರೀಕ್ಷೆಯಿಂದ ಮಾತ್ರ.

ಗರ್ಭಕೊರಳಿನ ಕ್ಯಾನ್ಸರಿನಿಂದ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 80 ಸಾವಿರ ಮಹಿಳೆಯರು ತೀರಿಕೊಂಡರೆಂದು ಅಂದಾಜು. ನಮ್ಮ ಬೀದರಿನ ಗಡಿಯಾಚೆಯ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಆರಂಭವಾದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು: 30ರಿಂದ 59ರ ವಯಸ್ಸಿನವರಿಗೆ ಒಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟಾಗ ಈ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ಲಕ್ಷಣ ಕಾಣುವ ಮುನ್ನವೇ ಮಾಡಿಸುವ ಪರೀಕ್ಷೆ ಇದು.

ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲವೆಂಬುದು ನೆಪ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಬರೆದ ಡಾ. ಅನುಪಮಾ ನಿರಂಜನರು ಆ ನೆಪವನ್ನು ಎಂದೋ ತೊಡೆದುಹಾಕಿದ್ದರು. 1991ರಲ್ಲಿ ಅವರನ್ನೂ ಒಯ್ದದ್ದು ಕ್ಯಾನ್ಸರೇ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದವರ ಗರ್ಭಕೋಶವನ್ನೇ ತೆಗೆದ ಪ್ರಕರಣಗಳಿವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು 2015ರಲ್ಲಿ ಇದರ ವಿರುದ್ಧ ಬೀದಿಗಿಳಿದರು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಬಚ್ಚೇದಾನಿ ತೆಗೆಸಿಬಿಡಿ ಎಂದು ಯಾರಾದರೂ ಅಂದರೆ, ಕಾರಣ ಕೇಳಿ, ಇನ್ನೊಬ್ಬ ವೈದ್ಯರಿಗೂ ತೋರಿಸಿ.

ಈಗ ನಿಮ್ಮ ಪ್ರಶ್ನೆಗಳು. ಚೀಟಿಯಲ್ಲಿ ಬರೆದು ಮುಂದಕ್ಕೆ ಕಳುಹಿಸಿ, ಹೆಸರು ಬೇಡ.