ಖಾಲಿ ಕೈಯ ಬುದ್ಧ



ಇವತ್ತು ಎಷ್ಟೋ ಮನೆಗಳ ಪಡಸಾಲೆಯಲ್ಲಿ ಬುದ್ಧನ ಮೂರ್ತಿ ಇರುತ್ತದೆ. ಟಿ.ವಿ. ಪಕ್ಕದಲ್ಲೋ ಷೋಕೇಸಿನಲ್ಲೋ ಕೂತ ಆ ಮೂರ್ತಿಯನ್ನು ನೋಡಿ ‘ಎಷ್ಟು ಶಾಂತವಾಗಿದೆ’ ಅನ್ನುತ್ತೇವೆ, ಸುಮ್ಮನಾಗುತ್ತೇವೆ. ಆ ಮೂರ್ತಿಗೆ ಹೇಳುವುದಕ್ಕೆ ಇನ್ನೂ ಬಹಳ ಇದೆ. ಬುದ್ಧನನ್ನು ಕಡೆದ ಶಿಲ್ಪಿಗಳಲ್ಲಿ ಯಾರೂ ಅವನನ್ನು ಕಣ್ಣಾರೆ ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ಅವನ ಬೋಧನೆ. ಅದನ್ನೇ ಅವರು ಕಲ್ಲಿನಲ್ಲಿ ಇಳಿಸಿದರು.

ಬುದ್ಧ ತೀರಿಕೊಂಡು ಹಲವು ಶತಮಾನ ಕಳೆದ ಮೇಲೂ ಶಿಲ್ಪಿಗಳು ಅವನ ರೂಪವನ್ನು ಕಡೆಯಲಿಲ್ಲ. ಸಾಂಚಿ, ಭಾರಹುತದ ಶಿಲ್ಪಗಳಲ್ಲಿ ಜನ ಕೈಮುಗಿದು ನಿಂತಿದ್ದಾರೆ. ಅವರೆದುರು ಇರುವುದು ಬೋಧಿವೃಕ್ಷ, ಧರ್ಮಚಕ್ರ, ಎರಡು ಹೆಜ್ಜೆಗುರುತು, ಇಲ್ಲವೇ ಯಾರೂ ಕೂರದ ಪೀಠ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಹೊರಬಂದ ಮಹಾಸ್ತೂಪದ ಫಲಕಗಳಲ್ಲೂ ಇಂಥ ಗುರುತುಗಳಿವೆ. ‘ರಾಯಾ ಅಸೋಕೋ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದ್ದೂ ಅದೇ ಸ್ತೂಪದಲ್ಲಿ. ಚಕ್ರವರ್ತಿಗೆ ಮುಖವಿದೆ, ಹೆಸರಿದೆ. ಬುದ್ಧನಿಗೆ ಖಾಲಿ ಪೀಠ. ಹುಟ್ಟುಸಾವಿನ ಆಚೆಗೆ ಹೋದವನನ್ನು ಒಂದು ಆಕಾರದೊಳಗೆ ಕೂರಿಸಬಹುದೇ ಎಂಬ ಹಿಂಜರಿಕೆ ಅದರ ಹಿಂದಿತ್ತೆಂದು ಹಲವು ವಿದ್ವಾಂಸರ ಅಭಿಪ್ರಾಯ.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಗಾಂಧಾರದಲ್ಲೂ ಮಥುರೆಯಲ್ಲೂ ಬುದ್ಧ ಮನುಷ್ಯರೂಪದಲ್ಲಿ ಎದ್ದುನಿಂತ. ಪೀಠ ತುಂಬಿತು, ನಿಜ. ಆದರೂ ‘ಇಲ್ಲ’ದ್ದರ ಮೂಲಕ ಮಾತಾಡುವ ಆ ಹಳೆಯ ರೀತಿ ಉಳಿದುಕೊಂಡಿತು.

ಕಿವಿಯನ್ನೇ ನೋಡಿ. ಹಾಲೆಗಳು ಜೋತುಬಿದ್ದಿವೆ. ರಾಜಕುಮಾರನಾಗಿದ್ದಾಗ ತೊಟ್ಟ ಭಾರದ ಕುಂಡಲಗಳು ಅವನ್ನು ಎಳೆದಿದ್ದವು. ಅರಮನೆ ಬಿಟ್ಟ ದಿನ ಒಡವೆ ಹೋಯಿತು, ತೂತು ಉಳಿಯಿತು. ತ್ಯಾಗವನ್ನು ಇಷ್ಟು ಕಡಿಮೆಯಲ್ಲಿ ಹೇಳಿದ ಶಿಲ್ಪ ಬೇರೆ ಯಾವುದಿದೆ? ಕಣ್ಣು ಅರೆಮುಚ್ಚಿದೆ: ನೋಟ ಒಳಕ್ಕೆ ತಿರುಗಿದೆ, ಲೋಕಕ್ಕೂ ಬಾಗಿಲು ಹಾಕಿಲ್ಲ. ನೆತ್ತಿಯ ಮೇಲಿನ ಉಬ್ಬು ಉಷ್ಣೀಷ, ಅರಿವಿನ ಗುರುತು. ಹುಬ್ಬುಗಳ ನಡುವಿನ ಚುಕ್ಕೆ ಊರ್ಣಾ, ಮಹಾಪುರುಷ ಲಕ್ಷಣಗಳಲ್ಲಿ ಒಂದು.

ಈಗ ಕೈಗೆ ಬರೋಣ. ವಿಷ್ಣುವಿನ ಕೈಯಲ್ಲಿ ಶಂಖಚಕ್ರವಿದೆ, ಶಿವನ ಕೈಯಲ್ಲಿ ತ್ರಿಶೂಲವಿದೆ. ಬುದ್ಧನ ಕೈಯಲ್ಲಿ ಆಯುಧವಿಲ್ಲ. ಕೆಲವು ಮೂರ್ತಿಗಳಲ್ಲಿ ಭಿಕ್ಷಾಪಾತ್ರೆ ಇರುವುದುಂಟು. ಸಾಮಾನ್ಯವಾಗಿ ಅದೂ ಇರುವುದಿಲ್ಲ. ಹಾಗಾಗಿ ಬರಿಗೈಯೇ ಮಾತಾಡಬೇಕು. ಆ ಮಾತಿಗೆ ಮುದ್ರೆ ಎಂದು ಹೆಸರು.

ಸಾರನಾಥದ ವಸ್ತುಸಂಗ್ರಹಾಲಯದಲ್ಲಿ ಗುಪ್ತರ ಕಾಲದ, 5ನೇ ಶತಮಾನದ ಬುದ್ಧನಿದ್ದಾನೆ. ಚುನಾರಿನ ಮರಳುಗಲ್ಲಿನ ಮೂರ್ತಿ. ಬಲಗೈಯ ಹೆಬ್ಬೆರಳೂ ತೋರುಬೆರಳೂ ಎದೆಯ ಮುಂದೆ ಕೂಡಿ ಪುಟ್ಟ ಚಕ್ರವಾಗಿವೆ. ಎಡಗೈಯ ಬೆರಳು ಆ ಚಕ್ರವನ್ನು ಮೆಲ್ಲಗೆ ಮುಟ್ಟಿದೆ, ತಿರುಗಿಸಲು ಹೊರಟ ಹಾಗೆ. ಇದು ಧರ್ಮಚಕ್ರ ಪ್ರವರ್ತನ ಮುದ್ರೆ. ಪೀಠದ ಮುಂಭಾಗದಲ್ಲಿ ನಡುವೆ ಚಕ್ರ, ಪಕ್ಕದಲ್ಲಿ ಜಿಂಕೆಗಳು, ಕೂತು ಕೇಳುತ್ತಿರುವ ಶಿಷ್ಯರು. ಸಾರನಾಥದ ಜಿಂಕೆವನದಲ್ಲಿ ಐವರಿಗೆ ಬುದ್ಧ ಮಾಡಿದ ಮೊದಲ ಉಪದೇಶದ ಗಳಿಗೆ ಅದು. ದುಃಖವಿದೆ, ಅದಕ್ಕೆ ಕಾರಣವಿದೆ, ಅದು ಕೊನೆಗೊಳ್ಳಬಲ್ಲದು, ಕೊನೆಗಾಣಿಸುವ ದಾರಿಯೂ ಇದೆ ಎಂಬ ನಾಲ್ಕು ಸತ್ಯಗಳು ಆ ಬೆರಳುಗಳ ಸುತ್ತಿನಲ್ಲಿವೆ.

ಬಲಗೈ ಎತ್ತಿ ಅಂಗೈ ತೋರಿಸಿದರೆ ಅಭಯ. ಮದವೇರಿದ ನಾಳಾಗಿರಿ ಆನೆ ರಾಜಗೃಹದ ಬೀದಿಯಲ್ಲಿ ನುಗ್ಗಿ ಬಂದಾಗ ಬುದ್ಧ ಅದನ್ನು ಮೈತ್ರಿಯಿಂದಲೇ ತಣಿಸಿದನೆಂಬ ಕಥೆಯನ್ನು ಈ ಮುದ್ರೆಯ ಜೊತೆ ನೆನೆಯುತ್ತಾರೆ. ಎರಡೂ ಕೈ ತೊಡೆಯ ಮೇಲೆ ಒಂದರ ಮೇಲೊಂದಿದ್ದರೆ ಧ್ಯಾನ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಭೂಮಿಸ್ಪರ್ಶ ಮುದ್ರೆ. ಬೋಧಗಯೆಯಲ್ಲಿ ಅರಿವು ಮೂಡುವ ಹೊತ್ತಿಗೆ, ಮೋಹ ಒಡ್ಡಿ ದಾರಿ ತಪ್ಪಿಸುವ ಮಾರ ಬಂದು ಸವಾಲು ಹಾಕಿದ: ಈ ಆಸನಕ್ಕೆ ನೀನು ಅರ್ಹ ಎನ್ನಲು ಸಾಕ್ಷಿ ಯಾರು? ಬುದ್ಧ ವಾದಕ್ಕೆ ಇಳಿಯಲಿಲ್ಲ, ಆಕಾಶದ ಕಡೆ ಕೈ ಚಾಚಲಿಲ್ಲ. ಬಲಗೈಯ ಬೆರಳಿನಿಂದ ನೆಲ ಮುಟ್ಟಿದ. ಭೂಮಿಯೇ ಸಾಕ್ಷಿ ನುಡಿಯಿತೆನ್ನುತ್ತದೆ ಕಥೆ. ಆಗ ಎಡಗೈ ತೊಡೆಯ ಮೇಲೆ ಧ್ಯಾನದಲ್ಲೇ ಇದೆ ಎಂಬುದನ್ನು ಗಮನಿಸಬೇಕು. ಒಂದು ಕೈ ಅಂತರಂಗದಲ್ಲಿ, ಇನ್ನೊಂದು ಮಣ್ಣಿನಲ್ಲಿ. ನಾವು ನಡೆದ ದಾರಿಗೆ ನಾವು ತುಳಿದ ನೆಲವೇ ಸಾಕ್ಷಿ ಎಂಬುದಕ್ಕಿಂತ ದೊಡ್ಡ ನೀತಿ ಬೇಕೆ?

ಇನ್ನೊಂದು ಮಾತು. ಅಂಗಡಿಗಳಲ್ಲಿ ಸಿಗುವ ಡೊಳ್ಳುಹೊಟ್ಟೆಯ ‘ಲಾಫಿಂಗ್ ಬುದ್ಧ’ ಗೌತಮ ಬುದ್ಧನಲ್ಲ. ಅವನು ಬುದಾಯ್ ಎಂಬ ಚೀನೀ ಭಿಕ್ಷು. ಮುಂದೆ ಬರಲಿರುವ ಮೈತ್ರೇಯ ಬುದ್ಧನ ಅವತಾರವೆಂದು ಅಲ್ಲಿಯ ಜನ ನಂಬುತ್ತಾರೆ.

ನಿಮ್ಮ ಮನೆಯಲ್ಲಿ ಬುದ್ಧನ ಮೂರ್ತಿ ಇದ್ದರೆ, ಮುಂದಿನ ಸಲ ಧೂಳು ಒರೆಸುವಾಗ ಅದರ ಬಲಗೈ ನೋಡಿ. ಎತ್ತಿದ್ದರೆ ‘ಹೆದರಬೇಡ’ ಅನ್ನುತ್ತಿದೆ. ನೆಲ ಮುಟ್ಟಿದ್ದರೆ ‘ನಿನ್ನ ನಡತೆಗೆ ಸಾಕ್ಷಿ ಏನಿದೆ’ ಎಂದು ಕೇಳುತ್ತಿದೆ. ಪಕ್ಕದಲ್ಲಿ ಮಕ್ಕಳಿದ್ದರೆ ಅವರಿಗೂ ತೋರಿಸಿ ಹೇಳಿ.