ರಾಜೀನಾಮೆ ಕೊಟ್ಟ ಕ್ಲಾನ್ಸ್‌ಮನ್

ಕು ಕ್ಲಕ್ಸ್ ಕ್ಲಾನ್ ಎಂದೊಡನೆ ಬಿಳಿ ಮುಸುಕು, ಉರಿಯುವ ಶಿಲುಬೆ ನಿಮ್ಮ ಕಣ್ಣಿಗೆ ಕಟ್ಟುತ್ತವೆ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆನೆಸ್ಸಿಯಲ್ಲಿ ಹುಟ್ಟಿ, ಅಡಗಿ, 1915ರಲ್ಲಿ ಜಾರ್ಜಿಯಾದಲ್ಲಿ ಮತ್ತೆ ತಲೆಯೆತ್ತಿದ, ಕರಿಯರನ್ನೂ ಕ್ಯಾಥೊಲಿಕರನ್ನೂ ದ್ವೇಷಿಸಿದ ಬಿಳಿಯರ ಸಂಘ ಅದು. ಚರಿತ್ರೆ ಅಷ್ಟು ಸಾಕು. ಈ ಸಂಜೆ ನನಗೆ ಬೇಕಾದವನು ಒಬ್ಬನೇ: ಹ್ಯೂಗೋ ಬ್ಲ್ಯಾಕ್.

ಈತ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ವಕೀಲ. 1921ರಲ್ಲಿ ಜೇಮ್ಸ್ ಕೋಯ್ಲ್ ಎಂಬ ಕ್ಯಾಥೊಲಿಕ್ ಪಾದ್ರಿಯನ್ನು ಗುಂಡಿಟ್ಟು ಕೊಂದವನ ಪರ ವಾದಿಸಿ ಬಿಡಿಸಿಕೊಂಡು ಬಂದ. 1923ರಲ್ಲಿ ಕ್ಲಾನ್ ಸೇರಿದ, 1925ರಲ್ಲಿ ರಾಜೀನಾಮೆ ಕೊಟ್ಟ, ಮರುವರ್ಷ ಸೆನೆಟ್ ಚುನಾವಣೆ ಗೆದ್ದ. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು. ಆಮೇಲೆ ಪಿಟ್ಸ್‌ಬರ್ಗಿನ ಪತ್ರಕರ್ತ ರೇ ಸ್ಪ್ರಿಗಲ್ ಹಳೆಯ ಸದಸ್ಯತ್ವವನ್ನು ದಾಖಲೆ ಸಮೇತ ಬಯಲಿಗೆಳೆದರು. ಬ್ಲ್ಯಾಕ್ ರೇಡಿಯೋದಲ್ಲಿ “ಸೇರಿದ್ದೆ, ಬಿಟ್ಟೆ, ಮತ್ತೆ ಸೇರಲಿಲ್ಲ” ಎಂದ. ಕ್ಷಮೆ ಕೇಳಲಿಲ್ಲ.

ನಮಗೆ ಸಂವಿಧಾನ ಕಲಿಸಿದ ಮೇಷ್ಟ್ರಿಗೆ ಇವನೆಂದರೆ ಪ್ರಾಣ. 1940ರ ಚೇಂಬರ್ಸ್ ತೀರ್ಪನ್ನು ನಿಂತುಕೊಂಡೇ ಓದುತ್ತಿದ್ದರು. ಫ್ಲಾರಿಡಾ ಪೊಲೀಸರು ದಿನಗಟ್ಟಲೆ ಕಾಡಿ ಕರಿಯ ಯುವಕರಿಂದ ಪಡೆದ ತಪ್ಪೊಪ್ಪಿಗೆಯನ್ನು ಬ್ಲ್ಯಾಕ್ ತಳ್ಳಿಹಾಕಿದ ತೀರ್ಪು ಅದು. 1954ರಲ್ಲಿ ಶಾಲೆಗಳ ವರ್ಣಭೇದ ರದ್ದಾದಾಗಲೂ ಸಹಿ ಹಾಕಿದವರಲ್ಲಿ ಆತನಿದ್ದ. “ತೀರ್ಪು ಓದ್ರಯ್ಯ, ಜಾತಕ ಓದಬೇಡಿ” ಅನ್ನುತ್ತಿದ್ದರು. ಹಾಗಾದರೆ 1944ರಲ್ಲಿ ಜಪಾನಿ ಮೂಲದವರನ್ನು ಮನೆಯಿಂದ ಹೊರಹಾಕಿದ್ದು ಸರಿ ಎಂದು ಬರೆದದ್ದೂ ಇವನೇ ಅಲ್ಲವೇ ಎಂದೆ. “ಅದನ್ನೂ ಓದು” ಎಂದರು, ಅಷ್ಟೆ.

ನನ್ನ ತಕರಾರು ಬೇರೆ. ಕೊನೆಗಾಲದ ಒಂದು ಸಂದರ್ಶನದಲ್ಲಿ ಬ್ಲ್ಯಾಕ್ ಕಾರಣ ಕೊಟ್ಟ: ಎದುರಾಳಿ ಕಂಪನಿಗಳ ವಕೀಲರೆಲ್ಲ ಕ್ಲಾನಿನಲ್ಲಿದ್ದರು, ಜ್ಯೂರಿಯಲ್ಲೂ ಅನೇಕರಿದ್ದರು, ತಾನೂ ಸರಿಸಮ ಆಗಬೇಕೆಂದು ಸೇರಿದ. ದ್ವೇಷವಲ್ಲ, ಲೆಕ್ಕಾಚಾರ! ದರೋಡೆಕೋರ ಅಂಗುಲಿಮಾಲ ಬುದ್ಧನೆದುರು ಕತ್ತಿ ಬಿಸುಟ ಕತೆ ಕೇಳಿ ಬೆಳೆದವರು ನಾವು. ಅವನ ಕೈಯಲ್ಲಿ ಕತ್ತಿ ಇತ್ತೆಂದು ಕಾಣುತ್ತಿತ್ತು. ಕತ್ತಿಯನ್ನೇ ಹಿಡಿಯದೆ ಹೆಸರು ಬರೆಸಿದವರು ಬಿಸುಡುವುದೇನನ್ನು? ಇಪ್ಪತ್ತರ ದಶಕದ ಕ್ಲಾನ್ ಲಕ್ಷಗಟ್ಟಲೆ ಬೆಳೆದದ್ದು ಇಂಥ ವಕೀಲರು, ಅಂಗಡಿಯವರು, ಪಾದ್ರಿಗಳಿಂದಲೇ.

ಹಾಗಿದ್ದರೆ ಬದಲಾದವನ ತೀರ್ಪುಗಳನ್ನು ಯಾವ ತಕ್ಕಡಿಗೆ ಹಾಕೋಣ? ಪಶ್ಚಾತ್ತಾಪ ಬಾಯಿಬಿಟ್ಟು ಹೇಳದಿದ್ದರೆ ಸಾಲದೇ? ಚೇಂಬರ್ಸ್ ಪ್ರಕರಣದಲ್ಲಿ ಜೀವ ಉಳಿಸಿಕೊಂಡವರಿಗೆ ನನ್ನ ಈ ತಕರಾರಿನಿಂದ ಏನಾಗಬೇಕು? ಮೇಷ್ಟ್ರ ಮಾತನ್ನು ಒಪ್ಪಲೂ ಆಗದೆ ಬಿಡಲೂ ಆಗದೆ ನಿಮ್ಮೆದುರು ನಿಂತಿದ್ದೇನೆ. ನೀವಾದರೆ ಆತನನ್ನು ಏನೆಂದು ಕರೆಯುತ್ತೀರಿ?