ಕಣ್ಣಳತೆ ನಡೆಯದ ಎಣ್ಣೆ

ಇವತ್ತಿನ ವಿಷಯ ಗಾಂಜಾ ಬೆರೆಸಿದ ಎಣ್ಣೆ. ಬಸ್ಸಲ್ಲಿ ಸ್ಪೀಕರ್ ಆನ್ ಮಾಡಿ ಕೇಳ್ತಿರೋರು ದಯವಿಟ್ಟು ಇಯರ್‌ಫೋನ್ ಹಾಕ್ಕೊಳ್ಳಿ.

ನಾನಿರೋದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರೊಂಟೊ ಪಕ್ಕದ ಮಿಸ್ಸಿಸಾಗಾ ಊರಲ್ಲಿ. ಈ ದೇಶದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊದಲ್ಲಿ 19 ವರ್ಷ ತುಂಬಿದವರು ಲೈಸೆನ್ಸ್ ಇರೋ ಅಂಗಡಿಯಿಂದ ಕೊಳ್ಳಬಹುದು, ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು, ಸ್ವಂತಕ್ಕೆ ಎಣ್ಣೆಯನ್ನೂ ಮಾಡ್ಕೋಬಹುದು. ಭಾರತದಲ್ಲಿ ಇದೇ ಕೆಲಸ ಅಪರಾಧ. ಆ ಕಥೆ ಕೊನೆಗೆ.

ಮೂರು ವರ್ಷದಿಂದ ಆಗೊಮ್ಮೆ ಈಗೊಮ್ಮೆ ಮಾಡ್ತಾ ಬಂದಿದ್ದೀನಿ. ರೆಸಿಪಿ ಹೇಳೋಕೆ ಬಂದಿಲ್ಲ, ಅದರಲ್ಲಿ ದೊಡ್ಡ ವಿದ್ಯೆಯೂ ಇಲ್ಲ. ಮಾಡ್ತಾ ಮಾಡ್ತಾ ಕಲಿತದ್ದು ಹೇಳ್ತೀನಿ. ನಮ್ಮ ಅಡಿಗೆ ನಡೆಯೋದೇ ಕಣ್ಣಳತೆ ಮೇಲೆ, ಅಲ್ವಾ? ಉಪ್ಪು ಎಷ್ಟು ಅಂದ್ರೆ ರುಚಿಗೆ ತಕ್ಕಷ್ಟು. ಈ ಎಣ್ಣೆಗೆ ಆ ಮಾತು ನಡೆಯಲ್ಲ. ಉಪ್ಪು ಜಾಸ್ತಿ ಆದ್ರೆ ನಾಲಿಗೆ ತಕ್ಷಣ ಹೇಳುತ್ತೆ. ಟಿಎಚ್‌ಸಿ, ಅಂದ್ರೆ ಮತ್ತು ಬರಿಸೋ ಅಂಶ, ಜಾಸ್ತಿ ಆದ್ರೆ ನಾಲಿಗೆಗೆ ಗೊತ್ತೇ ಆಗಲ್ಲ.

ಹಾಗಾಗಿ ಲೆಕ್ಕ ಹಾಕಬೇಕು. ಇಲ್ಲಿನ ಪೊಟ್ಟಣದ ಮೇಲೆ ಒಟ್ಟು ಟಿಎಚ್‌ಸಿ ಎಷ್ಟು ಅಂತ ಬರೆದಿರುತ್ತೆ. ಶೇ. 18 ಅಂತ ಇದೆ ಅಂದ್ಕೊಳ್ಳಿ. ಒಂದು ಗ್ರಾಂ ಒಣ ಹೂವಲ್ಲಿ 180 ಮಿಲಿಗ್ರಾಂ ಆಯ್ತು. ಐದು ಗ್ರಾಂ ಹೂವಿಗೆ 900 ಮಿಲಿಗ್ರಾಂ. ಅದನ್ನ 200 ಮಿಲಿಲೀಟರ್ ಕೊಬ್ಬರಿ ಎಣ್ಣೆಯಲ್ಲಿ ಇಳಿಸಿದ್ರೆ, ಎಲ್ಲಾ ಇಳಿದಿದೆ ಅಂತಲೇ ಇಟ್ಕೊಂಡ್ರೆ, ಒಂದು ಮಿಲಿಲೀಟರ್‌ಗೆ ನಾಲ್ಕೂವರೆ ಮಿಲಿಗ್ರಾಂ. ಒಂದು ಟೀ ಚಮಚ ಅಂದ್ರೆ ಐದು ಮಿಲಿಲೀಟರ್, ಹೆಚ್ಚುಕಮ್ಮಿ 22 ಮಿಲಿಗ್ರಾಂ.

ಇದು ಎಷ್ಟು ದೊಡ್ಡ ಸಂಖ್ಯೆ ಗೊತ್ತಾ? ಕೆನಡಾದ ಅಂಗಡಿಯಲ್ಲಿ ಮಾರೋ ಗಾಂಜಾ ತಿನಿಸಿನ ಇಡೀ ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಜಾಸ್ತಿ ಇರೋ ಹಾಗಿಲ್ಲ. ಹೊಸಬರು ಎರಡೂವರೆ ಮಿಲಿಗ್ರಾಂ ಅಥವಾ ಇನ್ನೂ ಕಮ್ಮಿಯಿಂದ ಶುರು ಮಾಡಿ ಅಂತ ಇಲ್ಲಿನ ಸರ್ಕಾರದ ಸಲಹೆ. ಮನೆಯಲ್ಲಿ ನಾವು ಎಣ್ಣೆ ಸುರಿಯೋದು ಚಮಚ ತುಂಬಾ. ಅಪಾಯ ಇರೋದು ಆ ಚಮಚದಲ್ಲಿ. ನಾನು ಔಷಧಿಗೆ ಬಳಸೋ ಸಿರಿಂಜ್ ಇಟ್ಕೊಂಡಿದ್ದೀನಿ, ಸೂಜಿ ಇಲ್ಲದ್ದು. ಇನ್ನೊಂದು, ಈ ಎಣ್ಣೇಲಿ ಚಿತ್ರಾನ್ನ ಕಲಸಿದ್ರೆ ಯಾವ ತುತ್ತಿಗೆ ಎಷ್ಟು ಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಅಳೆದು ಒಂದು ಬ್ರೆಡ್ ತುಂಡಿನ ಮೇಲೆ ಹಾಕೋದು ವಾಸಿ.

ಎರಡನೇದು, ಕಾಯೋದು. ಹೊಗೆ ಎಳೆದ್ರೆ ನಿಮಿಷಗಳಲ್ಲಿ ಏರುತ್ತೆ. ಹೊಟ್ಟೆಗೆ ಹೋದದ್ದು ಗೊತ್ತಾಗೋಕೆ ಅರ್ಧ ಗಂಟೆಯಿಂದ ಎರಡು ಗಂಟೆ, ಪೂರ್ತಿ ಏರೋಕೆ ನಾಲ್ಕು ಗಂಟೆವರೆಗೂ ಹಿಡಿಯಬಹುದು. ಗೆಳೆಯನ ಮನೆಯಲ್ಲಿ ಒಬ್ಬ ಒಂದು ಗಂಟೆ ಕಾದು, "ಏನೂ ಆಗ್ಲಿಲ್ಲ ಗುರು" ಅಂತ ಇನ್ನೊಂದು ಲಡ್ಡು ತಿಂದ. ಆಮೇಲೆ ಎದೆ ಡವಡವ, ಬೆವರು, ಸತ್ತೇ ಹೋಗ್ತೀನಿ ಅನ್ನೋ ಭಯ. ರಾತ್ರಿ ಇಡೀ ಅವನ ಪಕ್ಕ ಕೂತಿದ್ವಿ. ಬೆಳಗ್ಗೆ ಸರಿ ಹೋದ. ಅವನು ಕಾರ್ ಓಡಿಸಿಕೊಂಡು ಮನೆಗೆ ಹೊರಟಿದ್ದಿದ್ರೆ ಅನ್ನೋ ಯೋಚನೆ ಈಗಲೂ ಬರುತ್ತೆ.

ಈಗ ಅಮ್ಮನ ವಿಷಯ. ಹೋದ ವರ್ಷ ಶಿವಮೊಗ್ಗದಿಂದ ಆರು ತಿಂಗಳಿಗೆ ಬಂದಿದ್ರು. ಅಮ್ಮ ಬಂದ್ರೆ ಅಡಿಗೆಮನೆ ಅವರದ್ದೇ. ಅಲ್ಲಿರೋ ಎಣ್ಣೆ ಅವರ ಪಾಲಿಗೆ ಒಗ್ಗರಣೆಗೆ, ಇಲ್ಲಾ ದೀಪಕ್ಕೆ, ಇಲ್ಲಾ ತಲೆಗೆ. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಎರಡು ಬಾಟಲಿ ಪಕ್ಕಪಕ್ಕ ಇದ್ರೆ ಯಾವುದು ಯಾವುದು ಅಂತ ಯಾರು ಹೇಳ್ತಾರೆ? ಅವರು ಬರೋ ಮುಂಚೆಯೇ ಬಾಟಲಿ ನನ್ನ ರೂಮಿನ ಬೀಗ ಇರೋ ಪೆಟ್ಟಿಗೆ ಸೇರಿತ್ತು. ಮೇಲೆ ಕನ್ನಡದಲ್ಲೇ ದೊಡ್ಡದಾಗಿ "ಗಾಂಜಾ ಎಣ್ಣೆ, ಅಡಿಗೆಗೆ ಅಲ್ಲ" ಅಂತ ಬರೆದು ತಾರೀಖು, ಮಿಲಿಗ್ರಾಂ ಲೆಕ್ಕ ಹಾಕಿದ್ದೆ. ಮುಚ್ಚಿಡದೆ ಅಮ್ಮನಿಗೂ ಹೇಳಿದೆ.

"ಗಾಂಜಾನಾ? ಅದನ್ನ ಮನೇಲಿ ಇಟ್ಕೊಂಡಿದ್ದೀಯೇನೋ?" ಅಂದ್ರು.

"ಇಲ್ಲಿ ಕಾನೂನಿನ ಪ್ರಕಾರ ತಪ್ಪಿಲ್ಲ ಅಮ್ಮ."

"ಕಾನೂನು ಇರ್ಲಿ. ಮಕ್ಕಳು ಮರಿ ಬಂದ್ರೆ ಏನ್ ಮಾಡ್ತೀಯ?"

ಸರಿಯಾದ ಪ್ರಶ್ನೆ. ದೊಡ್ಡವರಿಗೆ ಒಂದು ಕೆಟ್ಟ ರಾತ್ರಿ ಆಗೋದು ಸಣ್ಣ ಮಗುವಿಗೆ ಪ್ರಜ್ಞೆ ತಪ್ಪೋ ಮಟ್ಟಕ್ಕೆ, ಉಸಿರಾಟಕ್ಕೇ ತೊಂದರೆ ಆಗೋ ಮಟ್ಟಕ್ಕೆ ಹೋಗಬಹುದು. ಮಗು ತಿಂದಿದೆ ಅಂತ ಅನುಮಾನ ಬಂದ್ರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು, ಏನು ತಿಂದಿದೆ ಅಂತ ಡಾಕ್ಟರ್‌ಗೆ ನಿಜ ಹೇಳಬೇಕು.

ಇನ್ನೆರಡು ಚಿಕ್ಕ ಮಾತು. ಹಸಿ ಸೊಪ್ಪು, ನೀರಿನಂಶ ಎಣ್ಣೆಯೊಳಗೆ ಉಳೀಬಾರದು. ಗಾಳಿಯಾಡದ ಎಣ್ಣೇಲಿ ಬೊಟುಲಿಸಂ ತರೋ ಬ್ಯಾಕ್ಟೀರಿಯಾ ಬೆಳೆಯೋ ಸಾಧ್ಯತೆ ಇದೆ. ಎಣ್ಣೇಲಿ ಹಾಕಿಟ್ಟ ಹಸಿ ಬೆಳ್ಳುಳ್ಳಿಗೂ ಇದೇ ಭಯ. ಹಾಗಾಗಿ ಆ ಬೀಗದ ಪೆಟ್ಟಿಗೆ ಈಗ ಫ್ರಿಜ್ ಒಳಗಿದೆ. ಇನ್ನು ಬ್ಯೂಟೇನ್ ಗ್ಯಾಸ್‌ನಲ್ಲಿ ಸಾರ ತೆಗೆಯೋ ವಿಡಿಯೋಗಳು. ಮನೆ ಸ್ಫೋಟ ಆಗೋ ಕೆಲಸ ಅದು, ಕೆನಡಾದಲ್ಲೂ ಮನೆಯಲ್ಲಿ ಮಾಡೋದು ನಿಷಿದ್ಧ.

ಈಗ ಊರಿನ ಕಥೆ. ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ "ಅಣ್ಣ, ರೆಸಿಪಿ ಕಳ್ಸು" ಅಂತ ಮೆಸೇಜ್ ಹಾಕಿದ್ದ. ಕಳಿಸಲಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಗಾಂಜಾ ಹೂವಿನ ತುದಿ ಮಾತ್ರ ಅಲ್ಲ, ಅದರಿಂದ ಮಾಡಿದ ಮಿಶ್ರಣವೂ ಬರುತ್ತೆ. 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ, ಮಿಶ್ರಣಕ್ಕೆ ಬೆರೆಸಿದ ಮಾದಕವಲ್ಲದ ವಸ್ತುವಿನ ತೂಕವನ್ನೂ ಸೇರಿಸಿಯೇ ಪ್ರಮಾಣ ಲೆಕ್ಕ ಹಾಕಬೇಕು ಅಂತ ಹೇಳಿದೆ. ಐದು ಗ್ರಾಂ ಹಾಕಿದ್ದೆ ಸಾರ್ ಅಂದ್ರೆ ಕೇಳಲ್ಲ, ಬಾಟಲಿ ತುಂಬಾ ತೂಗ್ತಾರೆ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಜೈಲು ಇದೆ. ಇಲ್ಲಿಂದ ಒಯ್ಯೋದಂತೂ ಕೇಳಲೇಬೇಡಿ, ಕೆನಡಾದ ಗಡಿ ದಾಟಿಸೋದು ಎರಡೂ ಕಡೆ ಅಪರಾಧ. ಅಮ್ಮ ವಾಪಸ್ ಹೊರಟಾಗ ಸೂಟ್‌ಕೇಸನ್ನ ನಾನೇ ಎರಡು ಸಲ ಬಿಚ್ಚಿ ನೋಡಿದೆ.

ತಮ್ಮ ಬಿಡಲಿಲ್ಲ. "ಮತ್ತೆ ಇಲ್ಲಿ ಅಂಗಡೀಲಿ ಹೆಂಪ್ ಎಣ್ಣೆ ಮಾರ್ತಾರಲ್ಲ?" ಅಂದ. ಅದು ಬೀಜದಿಂದ ಹಿಂಡಿದ ಎಣ್ಣೆ, ಆಹಾರವಾಗಿ ಮಾರೋಕೆ ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿಗೆ ಕೊಟ್ಟಿದೆ, ಮತ್ತು ಬರಲ್ಲ. ಬೇಕಿದ್ರೆ ಚಟ್ನಿಪುಡಿಗೆ ಹಾಕ್ಕೊಂಡು ದೋಸೆ ತಿನ್ನು ಅಂದೆ.